ಸೈಬೀರಿಯಾದ ಶಿಬಿರದಿಂದ ಭಾರತಕ್ಕೆ ನಡೆದು ಬರಲು ಸಾಧ್ಯವಿತ್ತೇ?

ಪ್ರಶ್ನೆ: ಪೀಟರ್ ವಿಯರ್ ನಿರ್ದೇಶಿಸಿದ ‘ದಿ ವೇ ಬ್ಯಾಕ್’ ಚಲನಚಿತ್ರವನ್ನು ಇತ್ತೀಚೆಗೆ ನೋಡಿದೆ. ಸೈಬೀರಿಯಾದ ಶ್ರಮಶಿಬಿರದಿಂದ ತಪ್ಪಿಸಿಕೊಂಡ ಏಳು ಕೈದಿಗಳು ಕಾಡು, ಮರುಭೂಮಿ, ಹಿಮಾಲಯಗಳನ್ನು ಕಾಲ್ನಡಿಗೆಯಲ್ಲೇ ಹಾಯುತ್ತಾರೆ. ಕೊನೆಗೆ ಮೂವರು ಭಾರತವನ್ನು ತಲಪುತ್ತಾರೆ. ಇದು ನಡೆದ ಸಂಗತಿಯೆಂಬಂತೆ ಚಿತ್ರದ ಆರಂಭದಲ್ಲೇ ಬರಹವೊಂದು ಬರುತ್ತದೆ. ನನ್ನ ಗೆಳೆಯರೊಬ್ಬರು ಮಾತ್ರ ಇದೆಲ್ಲ ಕಟ್ಟುಕಥೆ, ಆದ್ದರಿಂದ ಚಿತ್ರಕ್ಕೆ ಬೆಲೆಯಿಲ್ಲ ಎಂದು ವಾದಿಸುತ್ತಾರೆ. ಮನುಷ್ಯನ ದೇಹಕ್ಕೆ ಇಂಥ ನಡಿಗೆ ಸಾಧ್ಯವೇ? ಚಿತ್ರದಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು?

ಉತ್ತರ: ನಿಮ್ಮ ಗೆಳೆಯರ ಮಾತಿನ ಮೊದಲರ್ಧವನ್ನು ನಾನು ಹೆಚ್ಚುಕಡಿಮೆ ಒಪ್ಪುತ್ತೇನೆ, ಎರಡನೆಯ ಅರ್ಧವನ್ನು ಒಪ್ಪುವುದಿಲ್ಲ. ಈ ನಡಿಗೆ ಮೂಲ ಪುಸ್ತಕದಲ್ಲಿ ಹೇಳಿರುವ ವ್ಯಕ್ತಿಯ ಬದುಕಿನಲ್ಲಿ ನಡೆದದ್ದಲ್ಲ ಎಂಬುದಕ್ಕೆ ಗಟ್ಟಿಯಾದ ದಾಖಲೆಗಳಿವೆ. ಆದರೆ ಚಿತ್ರದ ಶಿಬಿರ, ಚಳಿ, ಹಸಿವು ಇವುಗಳಲ್ಲಿ ಬಹುಪಾಲು ನಂಬತಕ್ಕವು. ನನ್ನ ದೃಷ್ಟಿಯಲ್ಲಿ ಕಥೆ ಸಡಿಲಗೊಳ್ಳುವುದು ಪ್ರಕೃತಿಯ ಚಿತ್ರಣದಲ್ಲಿ ಅಷ್ಟಾಗಿ ಅಲ್ಲ, ಆ ದಾರಿಯುದ್ದಕ್ಕೂ ಬದುಕುತ್ತಿದ್ದ ಜನರನ್ನು ಬಹುಮಟ್ಟಿಗೆ ಅಳಿಸಿಹಾಕಿರುವುದರಲ್ಲಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಮೊದಲು ಮೂಲದ ವಿಷಯ. 2010ರಲ್ಲಿ ತೆರೆಕಂಡ ಈ ಚಿತ್ರಕ್ಕೆ ಆಧಾರ 1956ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ದಿ ಲಾಂಗ್ ವಾಕ್’ ಎಂಬ ಪುಸ್ತಕ. ಪೋಲೆಂಡಿನ ಸೇನಾಧಿಕಾರಿಯಾಗಿದ್ದ ಸ್ಲಾವೊಮಿರ್ ರಾವಿಚ್ ಹೇಳಿದ್ದನ್ನು ಪತ್ರಕರ್ತ ರೊನಾಲ್ಡ್ ಡೌನಿಂಗ್ ಬರಹಕ್ಕೆ ಇಳಿಸಿದರು. ಯಾಕುತ್‌ಸ್ಕ್‌ನ ದಕ್ಷಿಣಕ್ಕಿದ್ದ ಶಿಬಿರದಿಂದ 1941ರ ವಸಂತದಲ್ಲಿ ಹೊರಟು, ಬೈಕಾಲ್ ಸರೋವರದ ಅಂಚಿನಲ್ಲಿ ಇಳಿದು, ಮಂಗೋಲಿಯಾ, ಗೋಬಿ ಮರುಭೂಮಿ, ಟಿಬೆಟ್ಟುಗಳನ್ನು ದಾಟಿ, ಸುಮಾರು 6,500 ಕಿಲೋಮೀಟರ್ ನಡೆದು ಬ್ರಿಟಿಷ್ ಭಾರತವನ್ನು ಮುಟ್ಟಿದೆವೆಂದು ಅದರಲ್ಲಿದೆ. ಪುಸ್ತಕ ಹಲವು ಭಾಷೆಗಳಿಗೆ ಅನುವಾದವಾಗಿ ಲಕ್ಷಾಂತರ ಓದುಗರನ್ನು ಪಡೆಯಿತು. ಆದರೆ ಆ ಪ್ರದೇಶಗಳನ್ನು ಸ್ವತಃ ಬಲ್ಲವರು ಮೊದಲಿನಿಂದಲೂ ಹುಬ್ಬೇರಿಸಿದ್ದರು. ಮಧ್ಯ ಏಷ್ಯಾವನ್ನು ಸುತ್ತಿದ್ದ ಪೀಟರ್ ಫ್ಲೆಮಿಂಗ್, ಪರ್ವತಾರೋಹಿ ಎರಿಕ್ ಶಿಪ್ಟನ್, ಲಾಸಾದಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಹ್ಯೂ ರಿಚರ್ಡ್‌ಸನ್ ಮೂವರೂ ಇದನ್ನು ಪ್ರಶ್ನಿಸಿದರು. ಹಿಮಾಲಯದಲ್ಲಿ ಹಿಮಮಾನವರಂತಹ ಎರಡು ಜೀವಿಗಳನ್ನು ಗಂಟೆಗಟ್ಟಲೆ ನೋಡಿದೆವೆಂಬ ಪುಸ್ತಕದ ಪ್ರಸಂಗ ಆ ಸಂಶಯಕ್ಕೆ ಇನ್ನಷ್ಟು ಬಲ ಕೊಟ್ಟಿತು; ವಿಯರ್ ಅದನ್ನು ಚಿತ್ರದಿಂದ ಕೈಬಿಟ್ಟದ್ದು ಸರಿಯಾದ ನಿರ್ಧಾರ.

ನಿರ್ಣಾಯಕವಾದ ದಾಖಲೆ ಬೆಳಕಿಗೆ ಬಂದದ್ದು 2006ರಲ್ಲಿ, ರಾವಿಚ್ ತೀರಿಕೊಂಡು ಎರಡು ವರ್ಷಗಳಾದ ಮೇಲೆ. ಬಿಬಿಸಿ ರೇಡಿಯೊದ ಕಾರ್ಯಕ್ರಮವೊಂದು ಹೊರಗೆಡಹಿದ ಕಾಗದಪತ್ರಗಳ ಪ್ರಕಾರ, ಅವುಗಳಲ್ಲಿ ರಾವಿಚ್ ಅವರದೇ ಕೈಬರಹವೂ ಸೇರಿದಂತೆ, ಅವರು ತಪ್ಪಿಸಿಕೊಳ್ಳಲಿಲ್ಲ; ಪೋಲಿಷ್ ಕೈದಿಗಳಿಗೆ ದೊರೆತ ಸಾಮೂಹಿಕ ಕ್ಷಮಾದಾನದಂತೆ 1942ರಲ್ಲಿ ಬಿಡುಗಡೆಯಾಗಿ, ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ನಿರಾಶ್ರಿತರ ಶಿಬಿರಕ್ಕೆ ಸಾಗಿಸಲ್ಪಟ್ಟರು. 2009ರಲ್ಲಿ ವಿಟೋಲ್ಡ್ ಗ್ಲಿನ್‌ಸ್ಕಿ ಎಂಬ ಇನ್ನೊಬ್ಬ ಪೋಲಿಷ್ ವೃದ್ಧರು ಆ ನಡಿಗೆ ನಿಜವಾಗಿ ತಮ್ಮದೆಂದು ಹೇಳಿದರು. ಅವರ ಹೇಳಿಕೆಯನ್ನೂ ಸೋವಿಯತ್ ದಾಖಲೆಗಳನ್ನು ಮುಂದಿಟ್ಟು ಅಲ್ಲಗಳೆದವರಿದ್ದಾರೆ. ಕಥೆಯ ಪರವಾಗಿ ಉಳಿಯುವುದು ಒಂದೇ ಎಳೆ: 1942ರಲ್ಲಿ ಕಲ್ಕತ್ತೆಯಲ್ಲಿ ರೂಪರ್ಟ್ ಮೇನ್ ಎಂಬ ಬ್ರಿಟಿಷ್ ಗುಪ್ತಚರ ಅಧಿಕಾರಿ, ಸೈಬೀರಿಯಾದಿಂದ ನಡೆದು ಬಂದೆವೆಂದು ಹೇಳಿಕೊಂಡ ಮೂವರು ಬಡಕಲು ಮನುಷ್ಯರನ್ನು ವಿಚಾರಿಸಿದ್ದರೆಂಬ ನೆನಪು. ಅದು ಬಹಳ ವರ್ಷಗಳ ಬಳಿಕ ಹೇಳಿದ ನೆನಪಾದ್ದರಿಂದ ಅದನ್ನು ಸಾಕ್ಷ್ಯದ ತೂಕಕ್ಕೆ ಏರಿಸಲು ನಾನು ಸಿದ್ಧನಿಲ್ಲ.

ಈ ಕಾಲದ ಇಂಥ ಕಥೆ ಇದೊಂದೇ ಅಲ್ಲವೆಂಬುದನ್ನೂ ಗಮನಿಸಬೇಕು. 1955ರಲ್ಲಿ ಜರ್ಮನಿಯಲ್ಲಿ, ಸೈಬೀರಿಯಾದ ಪೂರ್ವದ ತುದಿಯಿಂದ ಇರಾನಿನವರೆಗೆ ನಡೆದುಹೋದ ಯುದ್ಧಕೈದಿಯೊಬ್ಬನ ಕಥೆ ಪ್ರಕಟವಾಗಿ ಅಪಾರ ಜನಪ್ರಿಯತೆ ಪಡೆಯಿತು. 2001ರಲ್ಲಿ ಚಲನಚಿತ್ರವೂ ಆಯಿತು. ಅದನ್ನು ಹೇಳಿದ ಕೊರ್ನೇಲಿಯುಸ್ ರೋಸ್ಟ್ 1947ರಲ್ಲೇ ಬಿಡುಗಡೆಯಾಗಿ ಮನೆ ಸೇರಿದ್ದರೆಂದು ಜರ್ಮನ್ ರೇಡಿಯೊ ಪತ್ರಕರ್ತರೊಬ್ಬರು 2010ರ ಹೊತ್ತಿಗೆ ದಾಖಲೆಸಹಿತ ತೋರಿಸಿದರು. ಎರಡೂ ಪುಸ್ತಕಗಳು ಒಂದು ವರ್ಷದ ಅಂತರದಲ್ಲಿ ಬಂದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಸೋವಿಯತ್ ಜಗತ್ತನ್ನು ಮರೆಮಾಡಿದ್ದ ‘ಕಬ್ಬಿಣದ ಪರದೆ’ಯ ಆಚೆ ಏನು ನಡೆಯುತ್ತಿದೆಯೆಂದು ತಿಳಿಯುವ ದಾಹ ಆಗ ಯುರೋಪಿನಲ್ಲಿ ತೀವ್ರವಾಗಿತ್ತು, ಹೇಳಿದ್ದನ್ನು ಪರೀಕ್ಷಿಸಲು ಸೋವಿಯತ್ ದಾಖಲೆಗಳು ಯಾರಿಗೂ ತೆರೆದಿರಲಿಲ್ಲ.

ಇನ್ನು ದೇಹದ ಪ್ರಶ್ನೆ. ದೂರವೊಂದನ್ನೇ ನೋಡಿದರೆ ಇದು ಅಸಾಧ್ಯವಲ್ಲ. 6,500 ಕಿಲೋಮೀಟರನ್ನು ಒಂದು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 18 ಕಿಲೋಮೀಟರ್ ಆಗುತ್ತದೆ. ಹೊಟ್ಟೆ ತುಂಬಿದ, ಆರೋಗ್ಯವಂತ ಮನುಷ್ಯನಿಗೆ ಅದು ದೊಡ್ಡದಲ್ಲ. ತೊಡಕಿರುವುದು ಆ ನಡಿಗೆಗೆ ಬೇಕಾದ ಅನ್ನ, ನೀರು, ಪಾದರಕ್ಷೆಗಳಲ್ಲಿ.

ಚಳಿಯ ವಿಷಯದಲ್ಲಿ ಚಿತ್ರ ಬಹಳ ಎಚ್ಚರ ವಹಿಸಿದೆ. ಹಿಮಗಾಳಿಯಲ್ಲಿ ಕೈದಿಗಳು ಮರದ ತೊಗಟೆಯಿಂದ ಮುಖವಾಡ ಮಾಡಿಕೊಳ್ಳುವ ದೃಶ್ಯ ನಿಮಗೆ ನೆನಪಿರಬಹುದು. ಮೂಗು, ಕೆನ್ನೆ, ಬೆರಳ ತುದಿಗಳು ಮೊದಲು ಹೆಪ್ಪುಗಟ್ಟುವ ಭಾಗಗಳು. ಗಾಳಿಯನ್ನು ಚರ್ಮದಿಂದ ದೂರವಿಟ್ಟರೆ ಅರ್ಧ ಯುದ್ಧ ಗೆದ್ದಂತೆ, ತೊಗಟೆ ಆ ಕೆಲಸವನ್ನು ಚೆನ್ನಾಗಿಯೇ ಮಾಡಬಲ್ಲದು. ಕಾಜಿಕ್ ಎಂಬ ಯುವಕನ ಸಾವು ನನಗೆ ಇಡೀ ಚಿತ್ರದಲ್ಲೇ ಅತ್ಯಂತ ನಿಖರವಾದ ಭಾಗವೆನಿಸುತ್ತದೆ. ಅವನಿಗೆ ಇರುಳುಗುರುಡು, ಸೌದೆ ತರಲು ಹೋದವನು ಕತ್ತಲಲ್ಲಿ ಬೆಂಕಿಯ ಬಳಿಗೆ ಮರಳುವ ದಾರಿ ಕಾಣದೆ ಹತ್ತಿರದಲ್ಲೇ ಹೆಪ್ಪುಗಟ್ಟಿ ಸಾಯುತ್ತಾನೆ. ವಿಟಮಿನ್ ಎ ಕೊರತೆಯಾದಾಗ ಮಂದ ಬೆಳಕನ್ನು ಗ್ರಹಿಸುವ ವರ್ಣದ್ರವ್ಯ ಕಣ್ಣಿನಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಒಣರೊಟ್ಟಿ ಮತ್ತು ತೆಳುಗಂಜಿಯ ಮೇಲೆ ತಿಂಗಳುಗಟ್ಟಲೆ ಬದುಕುತ್ತಿದ್ದ ಗುಲಾಗ್ (ಸೋವಿಯತ್ ಶ್ರಮಶಿಬಿರಗಳ ವ್ಯವಸ್ಥೆ) ಕೈದಿಗಳಲ್ಲಿ ಈ ತೊಂದರೆ ಬಹಳ ಸಾಮಾನ್ಯವಾಗಿತ್ತೆಂದು ಬದುಕುಳಿದವರ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಶಿಬಿರದ ಊಟವೇ ತಪ್ಪಿಸಿಕೊಂಡವನನ್ನು ಹಿಂಬಾಲಿಸಿ ಕೊಂದಿತೆಂಬುದನ್ನು ಚಿತ್ರ ಒಂದು ಮಾತನ್ನೂ ಹೆಚ್ಚಾಗಿ ಆಡದೆ ತೋರಿಸುತ್ತದೆ.

ಹಸಿವಿನ ಲೆಕ್ಕ ಇನ್ನಷ್ಟು ಕಠಿಣ. ಏರುತಗ್ಗಿನ ನೆಲದಲ್ಲಿ ದಿನವಿಡೀ ನಡೆಯುವ ಗಂಡಸಿಗೆ 3,500 ಕ್ಯಾಲರಿಗಿಂತ ಹೆಚ್ಚು ಬೇಕಾಗುತ್ತದೆ. ಕಾಡಿನಲ್ಲಿ ಸಿಕ್ಕಿದ್ದರಿಂದ ಅವನು 1,500 ಕ್ಯಾಲರಿ ಹೊಂದಿಸಿಕೊಂಡನೆಂದೇ ಭಾವಿಸೋಣ. ಉಳಿದ 2,000 ದೇಹದಿಂದಲೇ ಬರಬೇಕು. ಒಂದು ಕಿಲೋ ಕೊಬ್ಬು ಕರಗಿದರೆ ಸಿಗುವುದು ಸುಮಾರು 7,700 ಕ್ಯಾಲರಿ. ಅಂದರೆ ನಾಲ್ಕು ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು, ಎರಡು ತಿಂಗಳಲ್ಲಿ 15 ಕಿಲೋಗಿಂತ ಹೆಚ್ಚು ತೂಕ ಇಳಿಯುತ್ತದೆ. ಶಿಬಿರದಿಂದ ಆಗಲೇ ಎಲುಬುಗೂಡಾಗಿ ಹೊರಟವನ ಮೈಯಲ್ಲಿ ಅಷ್ಟು ಕೊಬ್ಬು ಇರುವುದೇ ಇಲ್ಲ. ದೇಹ ಸ್ನಾಯುವನ್ನು ಸುಡತೊಡಗುತ್ತದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದಲ್ಲಿ 36 ಸ್ವಯಂಸೇವಕರು 24 ವಾರ ಅರೆಹೊಟ್ಟೆಯಲ್ಲಿದ್ದು ತಮ್ಮ ತೂಕದ ಸುಮಾರು ನಾಲ್ಕನೆಯ ಒಂದು ಭಾಗ ಕಳೆದುಕೊಂಡರು. ಅವರ ಕಾಲುಗಳು ಬಾತುಕೊಂಡವು, ನಾಡಿ ನಿಧಾನವಾಯಿತು, ಆಹಾರದ ಹೊರತು ಬೇರೆ ಯಾವುದರಲ್ಲೂ ಆಸಕ್ತಿ ಉಳಿಯಲಿಲ್ಲ. ಅವರು ಬೆಚ್ಚಗಿನ ಕಟ್ಟಡದಲ್ಲಿ ಮಲಗುತ್ತಿದ್ದರು, ವೈದ್ಯರು ಪಕ್ಕದಲ್ಲೇ ಇದ್ದರು. ತೋಳಗಳನ್ನು ಓಡಿಸಿ ಅವು ತಿನ್ನುತ್ತಿದ್ದ ಪ್ರಾಣಿಯ ಮೇಲೆ ಕೈದಿಗಳು ಮುಗಿಬೀಳುವ ದೃಶ್ಯ ಇದನ್ನೆಲ್ಲ ತಿಳಿದವರಿಗೆ ಅತಿರೇಕವಾಗಿ ಕಾಣುವುದಿಲ್ಲ. ಆದರೆ ಅಂಥ ಒಂದು ದಿನದ ಔತಣ ಇಡೀ ವರ್ಷದ ಲೆಕ್ಕವನ್ನು ಸರಿದೂಗಿಸದು. ಅಷ್ಟು ದೂರ ನಡೆಯಬೇಕಾದರೆ ಹಿಟ್ಟು, ಹಾಲು, ಮಾಂಸ ಇರುವ ಮನೆಗಳ ಬಳಿ ಪದೇ ಪದೇ ಹೋಗಲೇಬೇಕು.

ನೀರಿನ ವಿಷಯಕ್ಕೆ ಬಂದಾಗ ಪುಸ್ತಕದ ಕಥೆ ಸಂಪೂರ್ಣವಾಗಿ ಮುರಿದುಬೀಳುತ್ತದೆ. ನೀರು ತುಂಬಿಕೊಳ್ಳಲು ಸರಿಯಾದ ಪಾತ್ರೆಯಿಲ್ಲದೆ, ದಿನಗಟ್ಟಲೆ ನೀರೇ ಸಿಗದೆ ಗೋಬಿಯನ್ನು ದಾಟಿದೆವೆಂದು ಅದು ಹೇಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಡ್ವರ್ಡ್ ಅಡಾಲ್ಫ್ ಮತ್ತವರ ಸಂಗಡಿಗರು ಸೈನಿಕರ ಮೇಲೆ ಮರುಭೂಮಿಯಲ್ಲಿ ನಡೆಸಿದ ಅಧ್ಯಯನಗಳು ಈ ವಿಷಯದಲ್ಲಿ ಇಂದಿಗೂ ಆಧಾರ. ನೆರಳಿನಲ್ಲೇ 49 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಿನಗಳಲ್ಲಿ, ನೀರಿಲ್ಲದೆ ಕದಲದೆ ಮಲಗಿದ್ದರೂ ಮನುಷ್ಯ ಬದುಕುವುದು ಸುಮಾರು ಎರಡು ದಿನ. ರಾತ್ರಿ ದಣಿಯುವಷ್ಟು ನಡೆದು ಹಗಲು ಮಲಗಿದರೆ ಅದಕ್ಕಿಂತಲೂ ಕಡಿಮೆ. ಗೋಬಿ ಅಷ್ಟು ಬಿಸಿಯೇರದ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನು ಕೆಲವು ದಿನ ಸೇರಿಸಬಹುದು. ದೇಹತೂಕದ ಶೇ 2ರಷ್ಟು ನೀರು ಹೋದಾಗಲೇ ನಡಿಗೆಯ ಸಾಮರ್ಥ್ಯ ಕುಗ್ಗುತ್ತದೆ, ಶೇ 10ರ ಹೊತ್ತಿಗೆ ನಿಲ್ಲುವುದೇ ಕಷ್ಟವಾಗುತ್ತದೆ, ಶೇ 15ರಿಂದ 20ರ ನಡುವೆ ಬಿಸಿಲಿನಲ್ಲಿ ಸಾವು ಬರುತ್ತದೆ. ಮನೋಬಲ ಎಷ್ಟೇ ದೊಡ್ಡದಿದ್ದರೂ ಈ ಮಿತಿಯನ್ನು ದಾಟಿಸಲಾರದು. ರಕ್ತ ದಪ್ಪವಾದ ಮೇಲೆ ಒಳಗಿನ ಶಾಖವನ್ನು ಚರ್ಮಕ್ಕೆ ಸಾಗಿಸುವ ಶಕ್ತಿ ಹೃದಯಕ್ಕೆ ಉಳಿಯುವುದಿಲ್ಲ. ಚಿತ್ರದಲ್ಲಾದರೋ ದಾರಿಯಲ್ಲಿ ಜೊತೆಗೂಡಿದ ಹುಡುಗಿ ಐರೀನಾ ಮತ್ತು ಕೈದಿ ತೋಮಾಶ್ ಮರುಭೂಮಿಯಲ್ಲಿ ಸಾಯುತ್ತಾರೆ, ಉಳಿದವರು ಕೆಸರನ್ನು ಹಿಂಡಿ ಗುಟುಕು ನೀರಿಗಾಗಿ ಪರದಾಡುತ್ತಾರೆ. ಈ ಅಂಶದಲ್ಲಿ ಚಿತ್ರ ಪುಸ್ತಕಕ್ಕಿಂತ ಪ್ರಾಮಾಣಿಕವಾಗಿದೆ.

ಆದರೆ ಚಿತ್ರದ ಮರುಭೂಮಿಯೂ ನಿಜವಾದ ಗೋಬಿಯಲ್ಲ. ಆ ದೃಶ್ಯಗಳನ್ನು ಮೊರೊಕ್ಕೊದಲ್ಲಿ ಚಿತ್ರೀಕರಿಸಿದ್ದರಿಂದ ಮರಳುದಿಬ್ಬಗಳ ಸಾಲು ನಮ್ಮ ಮನಸ್ಸಿನಲ್ಲಿ ಉಳಿಯುತ್ತದೆ. ಗೋಬಿಯ ಬಹುಭಾಗ ನುರುಜುಗಲ್ಲಿನ ಬಯಲು, ಬೋಳು ಗುಡ್ಡ, ಕುರುಚಲು ಹುಲ್ಲಿನ ನೆಲ. ಶತಮಾನಗಳಿಂದ ಒಂಟೆಗಳ ಸಾರ್ಥಗಳು ಅದನ್ನು ದಾಟುತ್ತಿದ್ದವು, ಅವುಗಳ ದಾರಿಯಲ್ಲಿ ಬಾವಿಗಳಿದ್ದವು, ಬಾವಿಗಳ ಸುತ್ತ ಕಂಬಳಿ ಗುಡಾರ ಹೂಡಿದ ಕುರುಬರಿದ್ದರು. ಗೋಬಿ ದಾಟಿ ದಕ್ಷಿಣಕ್ಕೆ ಬಂದವರು ಗಾನ್ಸು ಪ್ರಾಂತದ ಜನನಿಬಿಡವಾದ ಪಟ್ಟಿಯನ್ನು ಅಡ್ಡ ಹಾಯಲೇಬೇಕು; ಜಪಾನಿನ ವಿರುದ್ಧ ಹೋರಾಡುತ್ತಿದ್ದ ಚೀನಾಕ್ಕೆ ಸೋವಿಯತ್ ನೆರವು ಹೊತ್ತ ಲಾರಿಗಳು ಆ ವರ್ಷಗಳಲ್ಲಿ ಓಡಾಡುತ್ತಿದ್ದದ್ದೂ ಅದೇ ದಾರಿಯಲ್ಲಿ. ಹೀಗೆ ಆ ನಡಿಗೆಯ ಅತ್ಯಂತ ಅಪಾಯಕಾರಿ ಗಳಿಗೆಗಳು ಯಾರಾದರೂ ಎದುರಾದ ಗಳಿಗೆಗಳು, ಬದುಕಿಸಬಲ್ಲ ಗಳಿಗೆಗಳೂ ಅವೇ ಆಗಿರಬೇಕಿತ್ತು. ಗುಡಾರದ ಒಳಗಿರುವವನು ಹಾಲು ಕೊಡುವನೋ, ಕಾವಲು ಪಡೆಗೆ ಸುದ್ದಿ ಮುಟ್ಟಿಸುವನೋ ಎಂಬ ತೂಗುಯ್ಯಾಲೆಯನ್ನು ಚಿತ್ರಕಥೆ ಬೆಳೆಸಿದ್ದರೆ ಅದರ ಎರಡನೆಯ ಅರ್ಧ ಇಷ್ಟು ಏಕತಾನದ್ದಾಗುತ್ತಿರಲಿಲ್ಲ. ಸೈಬೀರಿಯಾದ ಭಾಗದಲ್ಲಿ ಈ ಪ್ರಜ್ಞೆ ಅದಕ್ಕಿದೆ: ಓಡಿಹೋದವರನ್ನು ಹಿಡಿದುಕೊಟ್ಟರೆ ಸುತ್ತಲಿನ ಹಳ್ಳಿಗರಿಗೆ ಇನಾಮು ಸಿಗುತ್ತದೆಂದು ಶಿಬಿರಾಧಿಕಾರಿ ಮೊದಲೇ ಎಚ್ಚರಿಸುತ್ತಾನೆ, ಅದು ಚರಿತ್ರೆಗೆ ಸಮ್ಮತವಾದ ಮಾತು. ಗಡಿ ದಾಟಿದ ಮೇಲೆ ಚಿತ್ರ ಅದನ್ನು ಮರೆತುಬಿಡುತ್ತದೆ.

ಹಿಮಾಲಯದ ಭಾಗವನ್ನು ಚಿತ್ರ ಬೇಗ ಮುಗಿಸುತ್ತದೆ, ನಾನೂ ಅದನ್ನು ಬೆಳೆಸುವುದಿಲ್ಲ. 4,500 ಮೀಟರ್ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕದ ಒತ್ತಡ ಸಮುದ್ರಮಟ್ಟದ ಶೇ 60ಕ್ಕಿಂತ ಕಡಿಮೆ. ಆದರೆ ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿ ವಾರಗಟ್ಟಲೆ ನಡೆದವರ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ. ಲಾಸಾದಿಂದ ಸಿಕ್ಕಿಮಿನತ್ತ ಇಳಿಯುವ ನಾಥು ಲಾ ಮತ್ತು ಜೆಲೆಪ್ ಲಾ ಕಣಿವೆದಾರಿಗಳಲ್ಲಿ ಉಣ್ಣೆ ಹೊತ್ತ ಹೇಸರಗತ್ತೆಗಳ ಸಾಲುಗಳು ಕಾಲಿಂಪಾಂಗಿಗೆ ಬರುತ್ತಿದ್ದವು. ಆ ದಾರಿ ಹಿಡಿದಿದ್ದರೆ ಇಡೀ ಪಯಣದಲ್ಲಿ ಕೊನೆಯ ಹಂತವೇ ಸುಲಭದ್ದಾಗುತ್ತಿತ್ತು.

ಹಾಗಾದರೆ ಕೈದಿಗಳು ನಿಜವಾಗಿ ನಡೆದು ತಪ್ಪಿಸಿಕೊಂಡದ್ದೇ ಇಲ್ಲವೇ? ಖಂಡಿತ ಇದೆ, ಅವುಗಳ ಸ್ವರೂಪ ಮಾತ್ರ ಬೇರೆ. 1925ರಲ್ಲಿ ರಷ್ಯಾದ ವಾಯುವ್ಯದಲ್ಲಿದ್ದ ಸೊಲೊವ್ಕಿ ಶಿಬಿರಗಳಿಗೆ ಸೇರಿದ ಕೆಮ್ ಎಂಬಲ್ಲಿಂದ ಸೋಜೆರ್ಕೊ ಮಲ್ಸಾಗೊವ್, ಯೂರಿ ಬೆಸ್ಸೊನೊವ್ ಮತ್ತು ಇನ್ನು ಮೂವರು ಕಾವಲುಗಾರರ ಬಂದೂಕು ಕಸಿದುಕೊಂಡು, ಕರೇಲಿಯಾದ ಜೌಗುಕಾಡುಗಳನ್ನು ಸುಮಾರು ಐದು ವಾರ ಹಾಯ್ದು ಫಿನ್ಲೆಂಡ್ ಸೇರಿದರು. 1934ರಲ್ಲಿ ಇವಾನ್ ಸೊಲೊನೆವಿಚ್ ತಮ್ಮ ಮಗನೊಡನೆ ಅದೇ ಕರೇಲಿಯಾದಿಂದ ಫಿನ್ಲೆಂಡಿಗೆ ನಡೆದರು. ಅದಕ್ಕಾಗಿ ಅವರು ತಿಂಗಳುಗಟ್ಟಲೆ ಆಹಾರ ಕೂಡಿಟ್ಟಿದ್ದರು, ಶಿಬಿರದಲ್ಲಿ ಓಡಾಡುವ ಸ್ವಾತಂತ್ರ್ಯವಿರುವ ಕೆಲಸವನ್ನು ಸಂಪಾದಿಸಿಕೊಂಡಿದ್ದರು. ಎರಡೂ ಸಂದರ್ಭಗಳಲ್ಲಿ ಗಡಿ ಕೆಲವೇ ವಾರಗಳ ದೂರದಲ್ಲಿತ್ತು. ಅದಕ್ಕೆ ವ್ಯತಿರಿಕ್ತವಾಗಿ 1950ರಲ್ಲಿ ಕಝಕಸ್ತಾನದ ಎಕಿಬಾಸ್ತುಜ್ ಶಿಬಿರದಿಂದ ಗಿಯೋರ್ಗಿ ತೆನ್ನೊ ಮತ್ತು ಅವರ ಸಂಗಾತಿ ಅತ್ಯಂತ ಜಾಣ್ಮೆಯಿಂದ ಹೊರಬಿದ್ದು ಹುಲ್ಲುಗಾವಲಿನಲ್ಲಿ ಬಾಯಾರಿಕೆಯನ್ನೂ ಗೆದ್ದರು, ಆದರೆ ಜನವಸತಿಯ ಬಳಿ ಬಂದಾಗ ಸಿಕ್ಕಿಬಿದ್ದರು.

ಟಿಬೆಟ್ಟಿನ ಮೂಲಕ ನಡೆದ, ಸಂಶಯಕ್ಕೆ ಎಡೆಯಿಲ್ಲದ ಪಲಾಯನವೂ ಒಂದಿದೆ, ಅದರ ದಿಕ್ಕು ಮಾತ್ರ ವಿರುದ್ಧ. ಆಸ್ಟ್ರಿಯಾದ ಪರ್ವತಾರೋಹಿಗಳಾದ ಹೈನ್ರಿಶ್ ಹಾರರ್ ಮತ್ತು ಪೀಟರ್ ಔಫ್‌ಶ್ನೈಟರ್ 1944ರ ಏಪ್ರಿಲ್‌ನಲ್ಲಿ ಡೆಹ್ರಾಡೂನಿನ ಬ್ರಿಟಿಷ್ ಬಂಧನ ಶಿಬಿರದಿಂದ ವೇಷ ಮರೆಸಿಕೊಂಡು ಸಂಗಡಿಗರೊಡನೆ ಹೊರಬಂದರು. ಲಾಸಾ ಮುಟ್ಟುವಾಗ 1946ರ ಜನವರಿ ಆಗಿತ್ತು. ಬೆಟ್ಟಗಳ ಬಗ್ಗೆ ಅವರಿಗಿದ್ದಷ್ಟು ಅನುಭವ ಯಾವ ಗುಲಾಗ್ ಕೈದಿಗೂ ಇರಲಿಲ್ಲ. ಆದರೂ ಅವರು ಉಳಿದದ್ದು ಕೈಯಲ್ಲಿ ಹಣವಿದ್ದುದರಿಂದ, ದಾರಿಯಲ್ಲಿ ಆಹಾರ ಕೊಂಡದ್ದರಿಂದ, ಹೊರೆಗೆ ಯಾಕ್ ಇಟ್ಟುಕೊಂಡದ್ದರಿಂದ, ಅಧಿಕಾರಿಗಳ ಮನವೊಲಿಸಿದ್ದರಿಂದ, ಕ್ಯಿರೊಂಗ್ ಎಂಬ ಹಳ್ಳಿಯಲ್ಲಿ ತಿಂಗಳುಗಟ್ಟಲೆ ತಂಗಲು ಜಾಗ ಸಿಕ್ಕಿದ್ದರಿಂದ. ಅವರ ಪ್ರತಿಯೊಂದು ಹಂತಕ್ಕೂ ಸಾಕ್ಷಿಗಳಿದ್ದಾರೆ. ರಾವಿಚ್ ಕಥೆಯಲ್ಲಿ ಅಂಥ ಒಬ್ಬ ಸಾಕ್ಷಿಯೂ ದೊರೆಯದಿರುವುದು ನನ್ನ ಮಟ್ಟಿಗೆ ನೀರಿನ ಲೆಕ್ಕದಷ್ಟೇ ಬಲವಾದ ಆಕ್ಷೇಪ.

ಚಿತ್ರದಲ್ಲಿ ನಂಬಬೇಕಾದದ್ದು ಶಿಬಿರದ ಭಾಗವೆಂದು ಆರಂಭದಲ್ಲೇ ಹೇಳಿದೆ. 1939ರ ಸೆಪ್ಟೆಂಬರ್ 17ರಂದು ಸೋವಿಯತ್ ಸೇನೆ ಪೂರ್ವ ಪೋಲೆಂಡನ್ನು ಹೊಕ್ಕ ಬಳಿಕ ಲಕ್ಷಾಂತರ ಪೋಲಿಷ್ ಪ್ರಜೆಗಳನ್ನು ರೈಲುಗಳಲ್ಲಿ ತುಂಬಿ ಉತ್ತರಕ್ಕೂ ಸೈಬೀರಿಯಾಕ್ಕೂ ಕಝಕಸ್ತಾನಕ್ಕೂ ಸಾಗಿಸಲಾಯಿತು. ಹೆಂಡತಿಯನ್ನು ಹಿಂಸಿಸಿ ಅವಳ ಬಾಯಿಂದಲೇ ಗಂಡನ ಮೇಲೆ ಗೂಢಚರ್ಯೆಯ ಆರೋಪ ಹೊರಿಸುವ ಮೊದಲ ದೃಶ್ಯ ಆ ಕಾಲದ ವಿಚಾರಣೆಗಳ ರೀತಿಗೆ ಹೊಂದುತ್ತದೆ. ಮಾಡಿದ ಕೆಲಸಕ್ಕೆ ತಕ್ಕಂತೆ ಅಳೆದು ಕೊಡುವ ರೊಟ್ಟಿ, ಹಚ್ಚೆ ಹಾಕಿಸಿಕೊಂಡ ವೃತ್ತಿಪರ ಅಪರಾಧಿಗಳು ಉಳಿದ ಕೈದಿಗಳ ಮೇಲೆ ನಡೆಸುವ ದರ್ಬಾರು, ಬಟ್ಟೆಯನ್ನೂ ಪಣಕ್ಕಿಡುವ ಜೂಜು ಇವೆಲ್ಲ ನೂರಾರು ಸ್ಮರಣೆಗಳಲ್ಲಿ ದೃಢಪಟ್ಟಿವೆ. ಗುಲಾಗಿನ ಇತಿಹಾಸ ಬರೆದ ಆ್ಯನ್ ಆಪಲ್‌ಬಾಮ್ ಅವರ ಸಲಹೆಯನ್ನು ವಿಯರ್ ಪಡೆದಿದ್ದರು, ಅದರ ಫಲ ಈ ಭಾಗದಲ್ಲಿ ಕಾಣುತ್ತದೆ. ಕಾಲಿನ್ ಫ್ಯಾರೆಲ್ ನಟಿಸಿದ ವಾಲ್ಕಾ, ತನ್ನನ್ನು ಸೆರೆಯಲ್ಲಿಟ್ಟ ದೇಶದ ಗಡಿಯನ್ನು ದಾಟಲೊಲ್ಲದೆ ಹಿಂದಕ್ಕೆ ತಿರುಗುವುದು ನನಗೆ ಚಿತ್ರದ ಅತ್ಯುತ್ತಮ ಕಲ್ಪನೆಯೆನಿಸಿದೆ; ಯಾವ ದಾಖಲೆಯ ಬೆಂಬಲವೂ ಇಲ್ಲದೆ ಅದು ಆ ಜಗತ್ತಿನ ಬಗ್ಗೆ ಸತ್ಯವನ್ನೇ ನುಡಿಯುತ್ತದೆ.

ಸೋವಿಯತ್ ಶಿಬಿರಗಳಿಂದ ಪೋಲಿಷ್ ಜನರು ಭಾರತಕ್ಕೆ ಬಂದದ್ದಂತೂ ನಿಜ, ಬಂದ ದಾರಿ ಬೇರೆ. 1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆರಗಿದ ಬಳಿಕ, ಜುಲೈ 30ರ ಒಪ್ಪಂದದಂತೆ ಪೋಲಿಷ್ ಕೈದಿಗಳಿಗೆ ಕ್ಷಮಾದಾನ ದೊರೆಯಿತು. ಸೈಬೀರಿಯಾ, ಕಝಕಸ್ತಾನಗಳ ಮೂಲೆಗಳಿಂದ ಅವರು ರೈಲು ಹತ್ತಿ, ತೆಪ್ಪ ಏರಿ, ಕೆಲವರು ನಡೆದೂ, ಪೋಲಿಷ್ ಜನರಲ್ ಆಂಡರ್ಸ್ ಕಟ್ಟುತ್ತಿದ್ದ ಸೇನೆಯನ್ನು ಹುಡುಕಿಕೊಂಡು ದಕ್ಷಿಣಕ್ಕೆ ಬಂದರು; ಹಸಿವೆ ಮತ್ತು ಟೈಫಸ್ ಜ್ವರದಿಂದ ದಾರಿಯಲ್ಲೇ ಸತ್ತವರು ಬಹಳ. 1942ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕ್ಯಾಸ್ಪಿಯನ್ ತೀರದ ಕ್ರಾಸ್ನೊವೊಡ್‌ಸ್ಕ್ ಬಂದರಿನಿಂದ ಹಡಗೇರಿ ಇರಾನಿನ ಪಹ್ಲವಿಯಲ್ಲಿ ಇಳಿದರು. ಅನಾಥ ಪೋಲಿಷ್ ಮಕ್ಕಳಿಗೆ ಇಂದಿನ ಗುಜರಾತಿನ ನವಾನಗರ ಸಂಸ್ಥಾನದ ಅರಸ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಬಾಲಾಚಡಿಯಲ್ಲಿ ಆಶ್ರಯ ಕೊಟ್ಟರು. ಕೊಲ್ಲಾಪುರದ ಬಳಿಯ ವಳಿವಡೆಯಲ್ಲಿ ಸುಮಾರು 5,000 ಮಂದಿಯ ಪೋಲಿಷ್ ಊರೇ 1943ರಿಂದ ಕೆಲವು ವರ್ಷ ನೆಲೆನಿಂತಿತ್ತು. ಇವರ ಬಗ್ಗೆ ಪೀಟರ್ ವಿಯರ್ ಅವರಂಥ ನಿರ್ದೇಶಕರೊಬ್ಬರು ದೊಡ್ಡ ಚಿತ್ರ ಮಾಡಬೇಕೆಂಬುದು ನನ್ನ ಬಹುಕಾಲದ ಆಸೆ.

ನಿಮ್ಮ ಗೆಳೆಯರ ತೀರ್ಪಿನ ಬಗ್ಗೆ ಒಂದು ಮಾತು. ವಿಯರ್‌ಗೆ ಪುಸ್ತಕದ ಬಗೆಗಿನ ಸಂಶಯಗಳು ತಿಳಿದಿದ್ದವು. ಅದಕ್ಕಾಗಿಯೇ ಅವರು ನಾಯಕನಿಗೆ ರಾವಿಚ್ ಎಂಬ ಹೆಸರಿಡದೆ ಯಾನುಷ್ ಎಂದಿಟ್ಟು, ಪಾತ್ರಗಳನ್ನು ಹೊಸದಾಗಿ ಕಟ್ಟಿ, ಇತರ ಕೈದಿಗಳ ಅನುಭವಗಳನ್ನು ಅದರಲ್ಲಿ ಹೆಣೆದರು. ಇಷ್ಟೆಲ್ಲ ಮಾಡಿದ ಮೇಲೆಯೂ, ಹಿಮಾಲಯದಿಂದ ಭಾರತಕ್ಕೆ ಮೂವರು ನಡೆದು ಬಂದರೆಂಬ ಆ ಆರಂಭದ ಬರಹವನ್ನು ನಿಶ್ಚಿತವಾದ ಧ್ವನಿಯಲ್ಲಿ ಉಳಿಸಿಕೊಂಡದ್ದನ್ನು ನಾನು ಸಮರ್ಥಿಸಲಾರೆ. ಆ ಸಾಲುಗಳನ್ನು ಬದಿಗಿಟ್ಟು, ಮೊದಲ ಒಂದು ಗಂಟೆಯನ್ನು ಚರಿತ್ರೆಗೆ ಹತ್ತಿರವಾದ ಚಿತ್ರಣವೆಂದೂ, ಮಂಗೋಲಿಯಾದ ಗಡಿಯಿಂದ ಮುಂದಿನದನ್ನು ಕಲ್ಪನೆಯೆಂದೂ ಸ್ವೀಕರಿಸಿ ಇನ್ನೊಮ್ಮೆ ನೋಡಿರೆಂದು ನಿಮ್ಮಿಬ್ಬರಿಗೂ ಹೇಳುತ್ತೇನೆ.